ತೇವದ ಸೀಮೆಯಲ್ಲಿ ಶ್ವಾಸಯಂತ್ರಗಳು

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವು ಪದೇ ಪದೇ ಮುಚ್ಚಿಕೊಳ್ಳುವ ವ್ಯಾಧಿಯೊಂದುಂಟು. ಗೊರಕೆಯು ಅದರ ಹೊರಗುರುತು. ಗೊರಕೆ ಹೊಡೆಯುವವರೆಲ್ಲರೂ ರೋಗಿಗಳಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮೂಗಿನ ಮೂಲಕ ತುಸು ಒತ್ತಡದ ಗಾಳಿಯನ್ನು ಎಡೆಬಿಡದೆ ಹರಿಸಿದರೆ ಆ ಮಾರ್ಗವು ತೆರೆದೇ ಇರುವುದೆಂದು ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದರು. ಸಿಪ್ಯಾಪ್ ಎಂಬ ಯಂತ್ರದ ಮೂಲವು ಇದೇ. ಸಾಮಾನ್ಯವಾಗಿ ಅದರ ಒತ್ತಡವು 4ರಿಂದ 20 ಸೆಂಟಿಮೀಟರು ಎತ್ತರದ ನೀರಿನ ಕಂಬಕ್ಕೆ ಸಮವಾದುದು. ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಮೆ ಒತ್ತಡವನ್ನೀಯುವ ಬೈಪ್ಯಾಪ್ ಯಂತ್ರವನ್ನು ಶ್ವಾಸಕೋಶದ ದೀರ್ಘರೋಗಿಗಳಿಗೂ ವಿಧಿಸುತ್ತಾರೆ.

ಪುತ್ತೂರು, ಸುಳ್ಯ ಮತ್ತು ಇವೆರಡರ ಗ್ರಾಮಗಳನ್ನು ಬೇರ್ಪಡಿಸಿ ರಚಿಸಲಾದ ಕಡಬ ತಾಲೂಕುಗಳನ್ನು ನಾವು ಈ ವಿಚಾರಕ್ಕೆ ಆರಿಸಿಕೊಂಡುದಕ್ಕೆ ಕಾರಣ ಅಲ್ಲಿಯ ಹವೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ತನಕ ಒಗೆದ ಬಟ್ಟೆಯೇ ಒಣಗದ ಸೀಮೆಯಿದು. ಚಾಲಿ ಅಡಿಕೆಯನ್ನು ತಿಂಗಳಿಗೂ ಮಿಕ್ಕಿ ಬಿಸಿಲಿನಲ್ಲಿ ಒಣಗಿಸದಿದ್ದರೆ ಬೂಷ್ಟು ಹಿಡಿಯುವುದೆಂಬುದು ಇಲ್ಲಿಯ ಕೃಷಿಕರಿಗೆ ಹೇಳಿಕೊಡಬೇಕಾದ ಮಾತಲ್ಲ. ಅದೇ ತೇವವು ಮಂಚದ ಬದಿಯ ಯಂತ್ರದೊಳಗೂ ಕೆಲಸಮಾಡುತ್ತದೆಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ.

ಇದಕ್ಕೆ ನಿದರ್ಶನವಾಗಿ 2021ರ ಜೂನಿನಲ್ಲಿ ನಡೆದ ಪ್ರಸಂಗವನ್ನು ನೋಡಬಹುದು. ಫಿಲಿಪ್ಸ್ ಕಂಪೆನಿಯು ಅನೇಕ ಮಾದರಿಗಳ ಸಿಪ್ಯಾಪ್, ಬೈಪ್ಯಾಪ್ ಮತ್ತು ವೆಂಟಿಲೇಟರುಗಳ ಬಗೆಗೆ ಎಚ್ಚರಿಕೆಯನ್ನಿತ್ತು, ಲಕ್ಷಗಟ್ಟಲೆ ಯಂತ್ರಗಳನ್ನು ಹಿಂದಕ್ಕೆ ತೆಗೆದುಕೊಳ್ಳತೊಡಗಿತು. ಗಾಳಿಯೂದುವ ಮೋಟಾರಿನ ಸದ್ದನ್ನಡಗಿಸಲು ಒಳಗೆ ಪಾಲಿಯೆಸ್ಟರ್ ಮೂಲದ ಪಾಲಿಯುರೆಥೇನ್ ಎಂಬ ಸ್ಪಂಜನ್ನು ಹಾಸಿದ್ದರು. ಎಸ್ಟರಿನ ಬಂಧವನ್ನು ನೀರಿನ ಅಣುವು ಮೆಲ್ಲಮೆಲ್ಲನೆ ಸೀಳಬಲ್ಲುದು. ಉಷ್ಣವು ಕೂಡಿದರೆ ಆ ಕ್ರಿಯೆಯು ಬಿರುಸಾಗುತ್ತದೆ. ಹೀಗೆ ಸವೆದ ಸ್ಪಂಜಿನ ಕಣಗಳೂ ಆವಿಗಳೂ ರೋಗಿಯ ಉಸಿರಿನೊಡನೆ ಒಳಸೇರಬಹುದೆಂಬುದೇ ಭಯದ ಕಾರಣ. ಸೆಖೆ ಮತ್ತು ತೇವ, ಅಲ್ಲದೆ ಓಜೋನ್ ಅನಿಲದಿಂದ ಯಂತ್ರವನ್ನು ಶುದ್ಧಿಗೊಳಿಸುವ ಪದ್ಧತಿ, ಇವು ಸವೆತವನ್ನು ಹೆಚ್ಚಿಸುವುವೆಂದು ಕಂಪೆನಿಯೇ ತಿಳಿಸಿತು. ಮುಂದೆ ತನ್ನ ಪರೀಕ್ಷೆಗಳ ಬಲದಿಂದ ಅಪಾಯವು ಅಲ್ಪವೆಂದು ಅದು ವಾದಿಸಿದರೂ, ಆ ಪರೀಕ್ಷೆಗಳು ಸಾಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ಹೇಳಿತು. ಸರಿಪಡಿಸಿದ ಯಂತ್ರಗಳಲ್ಲಿ ಸಿಲಿಕೋನಿನ ಸ್ಪಂಜನ್ನು ಬಳಸಿದರು. ಇಂಥ ವಾರ್ತೆಯನ್ನು ಕೇಳಿದೊಡನೆ ಯಂತ್ರವನ್ನು ಮೂಲೆಗೆ ತಳ್ಳುವುದು ಮಾತ್ರ ಜಾಣತನವಲ್ಲ. ವೆಂಟಿಲೇಟರನ್ನೇ ನೆಚ್ಚಿದವರಿಗೆ ಅದು ಪ್ರಾಣಾಂತಿಕವಾಗಬಹುದು. ಮೊದಲು ವೈದ್ಯರನ್ನು ಕೇಳತಕ್ಕದ್ದು.

ಗಾಳಿಯನ್ನು ತೇವಗೊಳಿಸುವ ತೊಟ್ಟಿಗೆ ಬಾವಿಯ ನೀರನ್ನು ಸುರಿಯಲಾಗದು. ನಮ್ಮ ಬಾವಿಗಳ ನೀರು ಎಷ್ಟೇ ಸಿಹಿಯಾಗಿರಲಿ, ಅದರಲ್ಲಿ ಲವಣವೂ ಜೀವಾಣುಗಳೂ ಇರುತ್ತವೆ. ಭಟ್ಟಿಯಿಳಿಸಿದ ನೀರನ್ನೇ ಹಾಕಿ, ಬೆಳಗ್ಗೆ ಉಳಿದುದನ್ನು ಚೆಲ್ಲಿ, ತೊಟ್ಟಿಯನ್ನು ಒಣಗಿಸಬೇಕು. ಕೊಳವೆಯನ್ನು ಒಣಗಿಸಲೆಂದು ಬಚ್ಚಲ ಒಲೆಯ ಮೇಲಣ ಅಟ್ಟಕ್ಕೆ ಏರಿಸುವುದು ಸಲ್ಲದು. ಯಾವ ಹೊಗೆಯಿಂದ ಎಷ್ಟೋ ಮಂದಿಯ ಶ್ವಾಸಕೋಶವು ಕೆಟ್ಟಿತೋ ಅದನ್ನೇ ಕೊಳವೆಗೆ ಉಣಿಸಿದಂತಾಗುತ್ತದೆ. ಗಾಳಿ ಸೋಸುವ ಜಾಳಿಗೆಯನ್ನು ಮಳೆಗಾಲದಲ್ಲಿ ಹೆಚ್ಚು ಸಲ ನೋಡಬೇಕು.

ಮರ ಬಿದ್ದು ವಿದ್ಯುತ್ತು ನಿಲ್ಲುವುದು ಈ ತಾಲೂಕುಗಳಲ್ಲಿ ಹೊಸತಲ್ಲ. ಯಂತ್ರವು ನಿಂತರೆ ಬಿಟ್ಟ ಉಸಿರಿನ ಅಂಗಾರಾಮ್ಲವಾಯು ಮುಖವಾಡದಲ್ಲಿಯೇ ಉಳಿದು ಮರಳಿ ಒಳಹೋಗಬಹುದು. ಮೂಗು ಬಾಯಿಗಳೆರಡನ್ನೂ ಮುಚ್ಚುವ ಮುಖವಾಡಗಳಲ್ಲಿ ಆಗ ತಾನಾಗಿ ತೆರೆದುಕೊಳ್ಳುವ ಕವಾಟವಿರುತ್ತದೆ. ಅದು ಅಂಟಿಕೊಂಡಿಲ್ಲವೆಂದು ಆಗಾಗ್ಗೆ ನೋಡಿಕೊಳ್ಳಬೇಕು.

ಆಮ್ಲಜನಕ ಸಾಂದ್ರಕದ ವಿಷಯ ಬೇರೆ. ಅದರಲ್ಲಿರುವ ಜಿಯೋಲೈಟ್ ಎಂಬ ಖನಿಜವು ಗಾಳಿಯ ಸಾರಜನಕವನ್ನು ಹಿಡಿದಿಟ್ಟು, ಸುಮಾರು ನೂರಕ್ಕೆ 90ರಿಂದ 95 ಪಾಲು ಆಮ್ಲಜನಕವನ್ನು ಹೊರಬಿಡುತ್ತದೆ. ಜಿಯೋಲೈಟಿಗೆ ತೇವವೇ ಶತ್ರು. 2021ರ ಕೋವಿಡ್ ಕಾಲದಲ್ಲಿ ಕೊಂಡು ಆಮೇಲೆ ಬಳಸದೆ ಇಟ್ಟ ಯಂತ್ರವು ಗುಡುಗುಟ್ಟುತ್ತ ನಡೆದರೂ ಬರಿಯ ಗಾಳಿಯನ್ನೇ ಕೊಡುತ್ತಿರಬಹುದು. ಮಾಪಕದಿಂದ ಪರೀಕ್ಷಿಸದೆ ಅದನ್ನು ರೋಗಿಗೆ ಜೋಡಿಸಕೂಡದು. ಇನ್ನು ಏದುಸಿರು ಹೆಚ್ಚಿತೆಂದು ಮನೆಯವರೇ ಆಮ್ಲಜನಕದ ಪ್ರಮಾಣವನ್ನು ಏರಿಸುವುದು ಇದಕ್ಕಿಂತ ದೊಡ್ಡ ಅಪಾಯ. ಬಹುಕಾಲದ ಶ್ವಾಸಕೋಶರೋಗವಿರುವ ಕೆಲವರಲ್ಲಿ ಇದರಿಂದ ಅಂಗಾರಾಮ್ಲವಾಯು ರಕ್ತದಲ್ಲಿ ಕೂಡಿಕೊಂಡು ರೋಗಿಯು ಮಂಪರಿಗಿಳಿಯುತ್ತಾನೆ. ಅವನು ಸುಖವಾಗಿ ನಿದ್ರಿಸಿದನೆಂದು ಮನೆಯವರು ನೆಮ್ಮದಿಗೊಳ್ಳುತ್ತಾರೆ. ಆದುದರಿಂದಲೇ ಅಂಥವರ ರಕ್ತದ ಆಮ್ಲಜನಕವನ್ನು ನೂರಕ್ಕೆ 88ರಿಂದ 92ರೊಳಗೆ ನಿಲ್ಲಿಸುವುದು ವೈದ್ಯರ ಕ್ರಮ. ಆಮ್ಲಜನಕವು ತಾನು ಉರಿಯದಿದ್ದರೂ ಉರಿಯುವುದನ್ನು ಉಗ್ರಗೊಳಿಸುತ್ತದೆ; ಬೀಡಿ, ದೀಪ, ಒಲೆ ಇವು ಆ ಕೋಣೆಯಿಂದ ದೂರವಿರತಕ್ಕದ್ದು.

ವೈದ್ಯಕೀಯ ಉಪಕರಣಗಳಿಂದಾದ ಕೆಡುಕನ್ನು ವರದಿ ಮಾಡಲು 2015ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯೊಂದುಂಟು. ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗವು ಅದನ್ನು ನಡೆಸುತ್ತಿದೆ. ಯಂತ್ರದ ತಳಭಾಗದಲ್ಲಿ ಮುದ್ರಿತವಾದ ಮಾದರಿಯ ಹೆಸರನ್ನೂ ಕ್ರಮಸಂಖ್ಯೆಯನ್ನೂ ಕೊಂಡ ದಿನವೇ ಬರೆದಿಟ್ಟುಕೊಂಡಿದ್ದರೆ ಅಲ್ಲಿಗೆ ವರದಿ ಕಳುಹುವುದು ಸುಲಭ. ಹಿಂದೆಗೆತದ ಪ್ರಕಟಣೆ ಬಂದಾಗ ತಮ್ಮ ಯಂತ್ರವು ಅದರಲ್ಲಿ ಸೇರಿದೆಯೇ ಎಂದು ನೋಡಲೂ ಅದೇ ಸಂಖ್ಯೆ ಬೇಕು.