ಹಿತ್ತಲ ಗಿಡವೂ ಮದ್ದೇ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಅದರ ಪೂರ್ಣ ಅರ್ಥ ನಮಗೆ ಹೊಳೆದದ್ದು ಮಾತ್ರ ಊರಿನ ಹಿತ್ತಲಿನಲ್ಲಲ್ಲ, ಮುಂಬಯಿಯ ಒಂದು ಆಫೀಸಿನಲ್ಲಿ.

ನಾವು ಆಗ ಹದಿನೆಂಟು ಜನರ ಒಂದು ವಿಭಾಗದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆವು. ನಮ್ಮ ಕೈಕೆಳಗೆ ಒಬ್ಬ ಜಾಣ ತರುಣನಿದ್ದ. ಲೆಕ್ಕ ತಾಳೆಯಾಗದಿದ್ದರೆ ಅವನನ್ನು ಕರೆ, ಕಂಪ್ಯೂಟರು ಮುಷ್ಕರ ಹೂಡಿದರೆ ಅವನನ್ನು ಕರೆ, ಗಿರಾಕಿ ಸಿಟ್ಟಾದರೆ ಅವನನ್ನು ಕರೆ – ಹೀಗೆ ನಡೆದಿತ್ತು ನಮ್ಮ ಸಂಸಾರ. ಒಂದು ಸೋಮವಾರ ಅವನು ರಾಜೀನಾಮೆಯ ಕಾಗದವನ್ನು ನಮ್ಮ ಮೇಜಿನ ಮೇಲಿಟ್ಟ. ನಾವು ಗಾಬರಿಯಾಗಿ ಅವನನ್ನು ಕೂರಿಸಿ, "ಏನಪ್ಪಾ, ನಿನಗೆ ಏನು ಬೇಕು, ಹೇಳು" ಎಂದೆವು.

"ಸಾರ್, ನಾಲ್ಕು ವರ್ಷದಲ್ಲಿ ನೀವು ಈ ಮಾತು ಕೇಳಿದ್ದು ಇವತ್ತೇ ಮೊದಲು" ಎಂದ ಅವನು. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮ್ಮ ಮನಸ್ಸಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಹೋದ. ಅವನ ಜಾಗಕ್ಕೆ ಬಂದವನಿಗೆ ಅವನಿಗಿಂತ ಹೆಚ್ಚು ಸಂಬಳ ಕೊಡಬೇಕಾಯಿತು; ಕೆಲಸ ಕೈಗೆ ಹತ್ತಲು ಆತನಿಗೆ ಎಂಟು ತಿಂಗಳು ಹಿಡಿಯಿತು. ಹೊರಗಿನವನಿಗೆ ಸಂತೋಷದಿಂದ ಕೊಟ್ಟದ್ದನ್ನು ಮನೆಯವನಿಗೆ ಕೊಡಲು ನಮಗೇಕೆ ಕೈ ಬರಲಿಲ್ಲ? ಹಿತ್ತಲ ಗಿಡದ ಗಾದೆ ನಮಗೆ ನೆನಪಾದದ್ದು ಆಗ.

ಈ ತಪ್ಪು ಹೊಸದೇನಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಬಳಿ ಹೆನ್ರಿ ಫೋರ್ಡ್ ಕಾರು ತಯಾರಿಸುತ್ತಿದ್ದ ಕಾರ್ಖಾನೆಯಲ್ಲಿ 1913ರಲ್ಲಿ ಸುಮಾರು 14,000 ಜನರ ಕೆಲಸವಿತ್ತು. ಆ ಒಂದು ವರ್ಷದಲ್ಲಿ ಅಷ್ಟು ಜನರನ್ನು ಉಳಿಸಿಕೊಳ್ಳಲು 50,000ಕ್ಕೂ ಮಿಕ್ಕಿ ಜನರನ್ನು ಸೇರಿಸಿಕೊಳ್ಳಬೇಕಾಯಿತು. ಸಾಲಾಗಿ ಸಾಗಿ ಬರುವ ಕಾರಿಗೆ ದಿನವಿಡೀ ಒಂದೇ ತಿರುಪು ಬಿಗಿಯುವ ಕೆಲಸಕ್ಕೆ ಬೇಸತ್ತು ಅವರು ಓಡಿಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು ಹೆಚ್ಚುಕಡಮೆ ಇಮ್ಮಡಿ ಮಾಡಿ 5 ಡಾಲರಿಗೆ ಏರಿಸಿದ. ದುಡಿಮೆಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದ. ಓಡಿಹೋಗುವವರ ಸಂಖ್ಯೆ ಅದೇ ವರ್ಷ ಬಹುವಾಗಿ ಇಳಿಯಿತು. ಹಾಗೆಂದು ಆತ ದೇವಮಾನವನಾಗಲಿಲ್ಲ. ಪೂರ್ಣ ಕೂಲಿ ಬೇಕಾದವನ ಮನೆವಾರ್ತೆ ಹೇಗಿದೆಯೆಂದು ನೋಡಲು ತನಿಖೆದಾರರನ್ನು ಮನೆಗೇ ಕಳಿಸುತ್ತಿದ್ದ! ಹಣ ಮನುಷ್ಯನನ್ನು ಹಿಡಿದು ನಿಲ್ಲಿಸಬಹುದು. ಮರ್ಯಾದೆ ಬೇರೆಯೇ ಬಾಬತ್ತು.

ಅಮೆರಿಕದವರೆಗೆ ಏಕೆ ಹೋಗಬೇಕು? ನಮ್ಮವರ ಉಡುಪಿ ಹೋಟೆಲುಗಳನ್ನೇ ನೋಡೋಣ. ದಕ್ಷಿಣ ಕನ್ನಡದ ಹಳ್ಳಿಗಳಿಂದ ಮುಂಬಯಿಗೆ ಬಂದ ಹುಡುಗರು ಹಗಲೆಲ್ಲ ಕಪ್ಪು ಬಸಿ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ಎಲ್ಲ ಧಣಿಗಳೂ ಧರ್ಮರಾಯರಾಗಿರಲಿಲ್ಲ. ಆ ಎಳೆಯ ಕೈಗಳು ದುಡಿದದ್ದು ದುಡಿಯಬಾರದ ವಯಸ್ಸಿನಲ್ಲಿ, ಮಲಗಿದ್ದು ಹೋಟೆಲಿನ ಬೆಂಚುಗಳ ಮೇಲೆ. ಆದರೂ ಕೆಲವರು ಧಣಿಗಳು ಒಂದು ದೊಡ್ಡ ಕೆಲಸ ಮಾಡಿದರು. ಗಿರಾಕಿಗಳ ನೂಕುನುಗ್ಗಲಿನ ಸಂಜೆಯ ಹೊತ್ತಿನಲ್ಲೇ ಹುಡುಗನ ಕೈಯಿಂದ ಬಟ್ಟೆ ತೆಗೆದುಕೊಂಡು, "ಹೋಗು ಮಾರಾಯ, ಶಾಲೆಗೆ ಹೊತ್ತಾಯಿತು" ಎಂದರು. ಓದಿದ ಹುಡುಗ ನಾಳೆ ಬಿಟ್ಟುಹೋಗುತ್ತಾನೆಂದು ಅವರಿಗೆ ತಿಳಿಯದೆ ಇರಲಿಲ್ಲ. ಹುಡುಗರಲ್ಲಿ ಕೆಲವರು ಬ್ಯಾಂಕು ಸೇರಿದರು, ಕೆಲವರು ವಕೀಲರಾದರು, ಕೆಲವರು ಗಲ್ಲಾದ ಮೇಲೆ ಕೂತು ವ್ಯವಹಾರ ಕಲಿತು ತಾವೇ ಹೋಟೆಲು ತೆರೆದರು. ಹಾಗೆ ಹೋದವರು ತಮ್ಮ ತಮ್ಮನನ್ನೋ ಅಳಿಯನನ್ನೋ ಅದೇ ಧಣಿಯ ಬಳಿ ಬಿಟ್ಟ ಕತೆಗಳು ನಮ್ಮ ಓದುಗರ ಮನೆಗಳಲ್ಲೇ ಸಿಕ್ಕಾವು. ಕಲಿಸಿದವನಿಗೆ ನಷ್ಟವಾಗಲಿಲ್ಲ.

ಇನ್ನೊಂದು ಉದಾಹರಣೆ ಪುಣೆಯದು. 1981ರಲ್ಲಿ ಅಲ್ಲಿ ಇನ್ಫೋಸಿಸ್ ಸಂಸ್ಥೆಯನ್ನು ಹುಟ್ಟುಹಾಕಿದ ಏಳು ಮಂದಿ, ಅದಕ್ಕೆ ಮುಂಚೆ ಇನ್ನೊಂದು ಕಂಪನಿಯಲ್ಲಿ ಸಂಬಳಕ್ಕಿದ್ದವರು. ಅವರಲ್ಲಿ ಒಬ್ಬರು ನಮ್ಮ ನಾರಾಯಣಮೂರ್ತಿಯವರು. ಮುಂದೆ ಬೆಂಗಳೂರಿಗೆ ಹೋಗಿ ಬೆಳೆದ ಆ ಸಂಸ್ಥೆ 1990ರ ದಶಕದಲ್ಲಿ ತನ್ನ ನೌಕರರಿಗೂ ಷೇರುಗಳಲ್ಲಿ ಪಾಲು ಕೊಟ್ಟಿತು. ದುಡಿದವನಿಗೆ ಫಲದಲ್ಲಿ ಭಾಗವುಂಟು ಎಂಬ ನಂಬಿಕೆ ಬಂದ ಮೇಲೆ ಕೆಲಸವನ್ನು ಕಾಣುವ ಕಣ್ಣೇ ಬೇರೆಯಾಗುತ್ತದೆ.

ಈಗಿನ ಆಫೀಸುಗಳಲ್ಲಿ ಕಾಣುವುದೇನು? ಹೋಗುವವನನ್ನು ತಡೆಯಲು ಮೂರು ತಿಂಗಳ ನೋಟೀಸಿನ ಕರಾರು. ಹೊರಡುವ ದಿನ ಕೂರಿಸಿಕೊಂಡು, ಏಕೆ ಬಿಟ್ಟಿರೆಂದು ವಿನಯದ ವಿಚಾರಣೆ. ಮದುವೆ ಮುಗಿದ ಮೇಲೆ ವಾಲಗ ಊದಿಸಿದಂತೆ! ಆ ವಿಚಾರಣೆಯನ್ನು ವರ್ಷಕ್ಕೆ ಎರಡು ಬಾರಿ, ಮನುಷ್ಯ ಇನ್ನೂ ಕುರ್ಚಿಯಲ್ಲಿರುವಾಗಲೇ ಮಾಡಬಾರದೆ? ಸಮರ್ಥನಾದವನಿಗೆ ಎಲ್ಲರೂ ಕೊಡುವ ಬಹುಮಾನ ಒಂದೇ – ಇನ್ನಷ್ಟು ಕೆಲಸ. ಅದರ ಜೊತೆಗೆ ಹೊಸ ವಿದ್ಯೆ, ನಿರ್ಧಾರ ಮಾಡುವ ಅಧಿಕಾರ, ಹತ್ತು ಜನರೆದುರು ಅವನ ಹೆಸರು ಹೇಳುವ ದೊಡ್ಡ ಮನಸ್ಸು ಇವೂ ಇರಬೇಕು. ಹೊಸಬನ ಸಂಬಳ ನಿಗದಿ ಮಾಡುವ ದಿನ ಹಳಬನ ಸಂಬಳದ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಲೇಸು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ನಷ್ಟ ಇನ್ನೂ ದೊಡ್ಡದು. 2017ರಲ್ಲಿ ಹೆರಿಗೆಯ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. 50 ಜನರಿಗೆ ಕಡಮೆಯಿಲ್ಲದ ಸಂಸ್ಥೆಗಳು ಶಿಶುವಿಹಾರದ ಸೌಕರ್ಯ ಒದಗಿಸಬೇಕೆಂದು ಕಾನೂನು ಬಂತು. ಆದರೆ ರಜೆ ಮುಗಿಸಿ ಬಂದವಳ ಮೇಜನ್ನು ಮೂಲೆಗೆ ಸರಿಸಿದರೆ, ಅವಳ ಕೆಲಸವನ್ನು ಕೇಳದೆಯೇ ಇನ್ನೊಬ್ಬರಿಗೆ ಹಂಚಿದರೆ, ಕಾನೂನು ಏನು ಮಾಡೀತು?

ಮನೆಯ ಹಿರಿಯರಿಗೂ ಒಂದು ಮಾತು. ಮಗನೋ ಮಗಳೋ ಕೆಲಸ ಬದಲಿಸುತ್ತೇನೆಂದರೆ ನಾವು ಒಡನೆ, "ನಾವೆಲ್ಲ ಒಂದೇ ಕಡೆ ಮೂವತ್ತು ವರ್ಷ ದುಡಿಯಲಿಲ್ಲವೆ?" ಎಂದು ಬುದ್ಧಿ ಹೇಳಲು ಕೂರುತ್ತೇವೆ. ನಾವೇ ಊರು ಬಿಟ್ಟು ಬಂದವರೆಂಬುದನ್ನು ಆಗ ಮರೆಯುತ್ತೇವೆ! ನಮಗೂ ಊರಿನ ಮೇಲೆ ಪ್ರೀತಿ ಕಡಮೆಯಿರಲಿಲ್ಲ. ಬೆಳೆಯಲು ಜಾಗ ಸಾಲಲಿಲ್ಲ, ಅಷ್ಟೇ.

ಆ ತರುಣ ಈಗ ಹೈದರಾಬಾದಿನಲ್ಲಿದ್ದಾನೆ. ಅವನ ಕೈಕೆಳಗೆ ಮೂವತ್ತು ಜನರಿದ್ದಾರೆ. ಹೋದ ದೀಪಾವಳಿಗೆ ಫೋನು ಮಾಡಿದ್ದ. ಹೇಗೆ ನಿಭಾಯಿಸುತ್ತೀಯಪ್ಪಾ ಎಂದು ಕೇಳಿದೆವು. "ತಿಂಗಳಿಗೊಮ್ಮೆ ಒಬ್ಬೊಬ್ಬರನ್ನೂ ಚಹಕ್ಕೆ ಕರೆದು, ನಿಮಗೆ ಏನು ಬೇಕು ಅಂತ ಕೇಳುತ್ತೇನೆ, ಸಾರ್" ಎಂದ. ಸ್ವಲ್ಪ ತಡೆದು, "ಕೇಳಿದ್ದನ್ನೆಲ್ಲ ಕೊಡಲಿಕ್ಕೆ ಆಗುವುದಿಲ್ಲ. ಆದರೂ ಹೆಚ್ಚಿನವರು ಉಳಿದಿದ್ದಾರೆ" ಎಂದ.

ನಮ್ಮ ಮೇಜಿನ ಮುಂದೆ ನಾಲ್ಕು ವರ್ಷ ಅವನು ಓಡಾಡಿದ. ಒಂದು ಚಹದ ಖರ್ಚನ್ನು ನಾವು ಉಳಿಸಿದೆವು.