ನಿಧಿ ಹೆಚ್ಚಾದರೆ ಆಟಕ್ಕೇ ಆಪತ್ತು!

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರಿದೆ. 1972ರಲ್ಲಿ ಆ ಊರಿನ ಗ್ಯಾರಿ ಗೈಗ್ಯಾಕ್ಸ್ ಎಂಬವರು ಮಗ ಅರ್ನಿ, ಮಗಳು ಎಲೀಸ್ ಜೊತೆ ಹೊಸದೊಂದು ಆಟ ಆಡಲು ಕುಳಿತರು. ಕೋಟೆಯ ಕೆಳಗಿನ ಕತ್ತಲ ನೆಲಮಾಳಿಗೆಯನ್ನು ಅಪ್ಪ ಬಾಯಲ್ಲೇ ವರ್ಣಿಸುತ್ತಾ ಹೋದರು. ಏನು ಮಾಡುತ್ತೇವೆ ಎಂದು ಮಕ್ಕಳು ಹೇಳುತ್ತಾ ಹೋದರು. ವಿಷಜಂತುಗಳನ್ನು ಹೊಡೆದು ಮುಂದೆ ಸಾಗಿದ ಇಬ್ಬರಿಗೂ ಒಂದು ಪೆಟ್ಟಿಗೆ ಸಿಕ್ಕಿತು. ಅದರ ತುಂಬ 3,000 ತಾಮ್ರದ ನಾಣ್ಯಗಳು! ಆದರೆ ಹೊತ್ತೊಯ್ಯಲಾಗದಷ್ಟು ಭಾರ. ಮಕ್ಕಳ ಮುಖ ಸಪ್ಪಗಾಯಿತು. ಅವರು ಮಲಗಿದ ಮೇಲೆ ಅಪ್ಪ ಮತ್ತೆ ಕುಳಿತು, ನೆಲಮಾಳಿಗೆಯ ಎರಡನೆಯ ಅಂತಸ್ತನ್ನು ಸಿದ್ಧಪಡಿಸತೊಡಗಿದರು.

ಕಲ್ಪನೆಯ ಹಣಕ್ಕೆ ಖರ್ಚೇನೂ ಇಲ್ಲ. ತಾಮ್ರದ ಬದಲು ಚಿನ್ನ ಕೊಡಬಹುದಿತ್ತು, ಜೊತೆಗೊಂದು ಮಾಯಾ ಕತ್ತಿಯನ್ನೂ ಇಡಬಹುದಿತ್ತು. ಸ್ವಂತ ಮಕ್ಕಳಿಗೂ ಅಪ್ಪ ಯಾಕೆ ಕೊಡಲಿಲ್ಲ? ಉತ್ತರ ತಿಳಿಯಬೇಕಾದರೆ ಮೊದಲು ಆಟವನ್ನು ಅರಿಯಬೇಕು.

ಕತೆ ಹೇಳುವ ಆಟ

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ಈ ಆಟ 1974ರಲ್ಲಿ ಒಂದು ಡಬ್ಬಿಯಲ್ಲಿ ಮೂರು ಪುಟ್ಟ ಪುಸ್ತಕಗಳಾಗಿ ಹೊರಬಂತು. ಮೊದಲು ಮುದ್ರಿಸಿದ್ದು ಸಾವಿರ ಪ್ರತಿ ಮಾತ್ರ. ಇಂದು ಜಗತ್ತಿನ ಮೂಲೆ ಮೂಲೆಯಲ್ಲೂ ಅದನ್ನು ಆಡುವವರಿದ್ದಾರೆ.

ಆಡುವವರಲ್ಲಿ ಒಬ್ಬರು ಸೂತ್ರಧಾರ. ಉಳಿದವರು ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಹೀಗೆ ಒಂದೊಂದು ಪಾತ್ರ ವಹಿಸುತ್ತಾರೆ. 'ಎದುರಿಗೆ ಮುಚ್ಚಿದ ಬಾಗಿಲು. ಒಳಗಿನಿಂದ ಗೊರಕೆಯ ಸದ್ದು' ಎಂದು ಸೂತ್ರಧಾರ ಹೇಳಿದರೆ, ಬಾಗಿಲು ಒಡೆಯುವುದೋ ತಿರುಗಿ ಓಡುವುದೋ ಪಾತ್ರಧಾರಿಗಳೇ ತೀರ್ಮಾನಿಸಬೇಕು. ಕತ್ತಿ ಬೀಸಿದರೆ ಏಟು ತಗಲಿತೋ ಇಲ್ಲವೋ ಎಂಬುದನ್ನು 20 ಮುಖಗಳ ದಾಳ ಹೇಳುತ್ತದೆ.

ಹಳೆಯ ನಿಯಮದಲ್ಲಿ ನಿಧಿಗೆ ಇನ್ನೊಂದು ಮಹತ್ವವಿತ್ತು. ಹೊರಗೆ ತಂದ ಪ್ರತಿ ಚಿನ್ನದ ನಾಣ್ಯಕ್ಕೆ ಒಂದು ಅನುಭವದ ಅಂಕ. ಅಂಕ ಕೂಡಿದಂತೆ ಪಾತ್ರ ಮೇಲಿನ ಮಟ್ಟಕ್ಕೆ ಏರುತ್ತದೆ, ಬಲ ಹೆಚ್ಚುತ್ತದೆ. ಹಾಗಾಗಿ ನಿಧಿ ಕೊಟ್ಟರೆ ಹಣವನ್ನಷ್ಟೇ ಅಲ್ಲ, ಶಕ್ತಿಯನ್ನೂ ಕೊಟ್ಟಂತೆ.

ಕೊಡುಗೈ ಸೂತ್ರಧಾರರು

ಆಟ ಹರಡಿದಂತೆ ಕೊಡುಗೈ ಸೂತ್ರಧಾರರೂ ಹುಟ್ಟಿಕೊಂಡರು. ಸಣ್ಣದೊಂದು ಪ್ರಾಣಿಯನ್ನು ಕೊಂದರೂ ಸಾವಿರಾರು ನಾಣ್ಯ, ಬಾಗಿಲು ತೆಗೆದರೆ ಮಾಯಾ ಕವಚ! ಇಂಥ ಆಟಕ್ಕೆ ಅಮೆರಿಕದವರು ಇಟ್ಟ ಅಡ್ಡಹೆಸರು 'ಮಾಂಟಿ ಹಾಲ್'. 1963ರಲ್ಲಿ ಶುರುವಾದ 'ಲೆಟ್ಸ್ ಮೇಕ್ ಎ ಡೀಲ್' ಎಂಬ ಟಿ.ವಿ. ಕಾರ್ಯಕ್ರಮದ ನಿರೂಪಕರ ಹೆಸರು ಅದು. ಅಲ್ಲಿ ಸ್ಪರ್ಧಿಗಳು ಸರಿಯಾದ ಬಾಗಿಲು ಆರಿಸಿದರೆ ಕಾರೇ ಬಹುಮಾನವಾಗಿ ಬರಬಹುದಿತ್ತು.

ಇದರಿಂದ ಆದದ್ದೇನು? ಎಲ್ಲವನ್ನೂ ಕಡಿಯುವ ಕತ್ತಿ ಕೈಯಲ್ಲಿದ್ದರೆ ರಾಕ್ಷಸನ ಭಯವಿಲ್ಲ. ಭಯವಿಲ್ಲದಿದ್ದರೆ ಉಪಾಯ ಬೇಕಿಲ್ಲ. ಒಬ್ಬನ ಬಳಿ ಅಂಥ ಕತ್ತಿಯಿದ್ದರೆ ಅವನ ಗೆಳೆಯರಿಗೆ ಸುಮ್ಮನೆ ನೋಡುತ್ತಾ ಕೂರುವುದೇ ಕೆಲಸ. ಅಜ್ಜಿ ಹೇಳುವ ಭಸ್ಮಾಸುರನ ಕತೆ ನೆನಪಿದೆಯೇ? ಅಳತೆ ಮೀರಿದ ವರ ಕೊಟ್ಟವರಿಗೂ ಕಷ್ಟ, ಪಡೆದವರಿಗೂ ಕಷ್ಟ.

1976ರಲ್ಲಿ ಆಟದ ಕಂಪನಿ ನಾನಾ ದೇಶಗಳ ದೇವತೆಗಳ ಬಗ್ಗೆ ಒಂದು ಪುಸ್ತಕ ತಂದಿತು. ಭಾರತದ ದೇವತೆಗಳೂ ಅದರಲ್ಲಿದ್ದರು. ದಾನಶೂರ ಸೂತ್ರಧಾರರಿಗೆ ಬುದ್ಧಿ ಹೇಳುವ ಕೊನೆಯ ಪ್ರಯತ್ನವಿದು ಎಂದು ಅದರ ಮುನ್ನುಡಿಯಲ್ಲೇ ಬರೆದಿದ್ದರು. ದೇವತೆಗಳ ಬಲವನ್ನು ನೋಡಿಯಾದರೂ, 40ನೇ ಮಟ್ಟ ದಾಟಿದ ತಮ್ಮ ವೀರರು ಎಷ್ಟು ನಗೆಪಾಟಲು ಎಂದು ತಿಳಿಯಲಿ ಎಂಬುದು ಅವರ ಆಸೆ.

ತುಕ್ಕಿನ ಪ್ರಾಣಿಯ ಉಪಾಯ

ಕೊಟ್ಟಾಗಿದೆ, ಇನ್ನು ಮಾಡುವುದೇನು? 'ಕತ್ತಿ ವಾಪಸು ಕೊಡು' ಎಂದು ಕಸಿದುಕೊಂಡರೆ ಜಗಳ ಖಂಡಿತ. ಹಳಬರ ಬಳಿ ಇದಕ್ಕೆ ಚೆಂದದ ಉಪಾಯಗಳಿದ್ದವು.

ಮೊದಲನೆಯದು ತೂಕ. ಮುಂದೆ ಅಚ್ಚಾದ ನಿಯಮದಂತೆ 10 ನಾಣ್ಯ ಒಂದು ಪೌಂಡ್ ತೂಗುತ್ತವೆ. ಹಾಗಾದರೆ 3,000 ನಾಣ್ಯಕ್ಕೆ 300 ಪೌಂಡ್, ಅಂದರೆ ಸುಮಾರು 136 ಕಿಲೋ. ಎರಡೂವರೆ ಮೂಟೆ ಅಕ್ಕಿಗಿಂತ ಹೆಚ್ಚು! ಹೊತ್ತರೆ ಓಡಲಾಗದು, ಬಿಟ್ಟರೆ ಮನಸ್ಸು ಕೇಳದು.

ಎರಡನೆಯದು ತುಕ್ಕಿನ ಪ್ರಾಣಿ. ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದನ್ನು ನೋಡಿ ಗೈಗ್ಯಾಕ್ಸ್ ಕಲ್ಪಿಸಿಕೊಂಡ ಜಂತು ಇದು. ಮನುಷ್ಯರ ಮಾಂಸ ಇದಕ್ಕೆ ಬೇಡ. ಇದರ ಮೀಸೆ ಸೋಕಿದ ಕಬ್ಬಿಣವೆಲ್ಲ ತುಕ್ಕಾಗುತ್ತದೆ, ಆ ತುಕ್ಕೇ ಇದರ ಊಟ. ಡ್ರ್ಯಾಗನ್‌ಗೂ ಹೆದರದ ವೀರ ಇದನ್ನು ಕಂಡರೆ ಕತ್ತಿ ಬಚ್ಚಿಟ್ಟು ದೊಣ್ಣೆ ಹುಡುಕಬೇಕು. ಆಗ ಮತ್ತೆ ತಲೆ ಓಡಿಸಲೇಬೇಕಲ್ಲ!

ಮೂರನೆಯದು, ನಿಧಿಯ ಜೊತೆಗೇ ಅದರ ಬೆಲೆಯನ್ನೂ ಇಡುವುದು. ಮಾಯೆಯ ಎಲೆಗಳ ಕಟ್ಟೊಂದು ಈ ಆಟದಲ್ಲಿದೆ. ಎಷ್ಟು ಎಲೆ ಎಳೆಯುತ್ತೇನೆಂದು ಮೊದಲೇ ಹೇಳಬೇಕು. ಒಂದು ಎಲೆ ಐಶ್ವರ್ಯ ತಂದರೆ ಇನ್ನೊಂದು ಇದ್ದದ್ದನ್ನೆಲ್ಲ ನುಂಗುತ್ತದೆ. ವೆಕ್ನಾ ಎಂಬ ಮಾಂತ್ರಿಕನ ಒಣಗಿದ ಕೈಗೆ ಅಪಾರ ಶಕ್ತಿಯಿದೆ. ಆದರೆ ಅದನ್ನು ಬಳಸಬೇಕಾದರೆ ನಮ್ಮದೇ ಒಂದು ಕೈ ಕಳೆದುಕೊಳ್ಳಬೇಕು. ಯಾರಿಗೆ ಬೇಕು ಹೇಳಿ?

ನಿಯಮ ಬಗ್ಗಿಸಬಹುದೇ?

ಬಗ್ಗಿಸಬಹುದು. ಸೂತ್ರಧಾರರಿಗಾಗಿ 1979ರಲ್ಲಿ ಬರೆದ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಅವರೇ ಅದನ್ನು ಒಪ್ಪಿದ್ದಾರೆ. ಆದರೆ ಅದಕ್ಕೊಂದು ಅಳತೆಯಿದೆ. ಎಚ್ಚರದಿಂದ ಆಡಿದವನಿಗೆ ದಾಳ ಕೈಕೊಟ್ಟು ಅವನ ಪಾತ್ರ ಸಾಯುವಂತಾದರೆ ಪ್ರಾಣ ಉಳಿಸಬಹುದು. ಆದರೆ ಪೂರ್ತಿ ಮಾಫಿ ಇಲ್ಲ. ಪ್ರಜ್ಞೆ ತಪ್ಪಲಿ, ಒಂದು ಕಣ್ಣಾದರೂ ಹೋಗಲಿ. ಬೇಕೆಂದೇ ಹುಚ್ಚು ಸಾಹಸಕ್ಕೆ ಇಳಿದವನಿಗೆ ಮಾತ್ರ ದಾಳ ಹೇಳಿದ್ದೇ ತೀರ್ಪು.

ನಮ್ಮ ಮನೆಗಳಲ್ಲೂ ಇದು ಗೊತ್ತಿರುವ ಮಾತೇ. ಚೌಕಾಬಾರದಲ್ಲಿ ಮೊಮ್ಮಗಳ ಕಾಯಿ ಕಡಿಯುವ ಅವಕಾಶ ಬಂದರೂ ಅಜ್ಜ ಕಾಣದವರಂತೆ ಬಿಟ್ಟುಬಿಡುತ್ತಾರೆ. ಮಗು ಚಿಕ್ಕದಿದ್ದಾಗ ಅದು ಸರಿ. ಒಂದು ದಿನ ಅವಳೇ 'ತಾತ, ನೀವು ಬೇಕಂತಲೇ ಸೋತಿರಿ!' ಎಂದು ಸಿಟ್ಟಾಗುತ್ತಾಳೆ. ಅಂದಿನಿಂದ ಬಿಟ್ಟುಕೊಟ್ಟ ಗೆಲುವು ಅವಳಿಗೆ ಬೇಡ. ಸೋತರೂ ಸರಿ, ನಿಜವಾದ ಆಟವೇ ಬೇಕು.

ಅಜ್ಜ ಅಜ್ಜಿಯರೇ, ಈ ರಜೆಯಲ್ಲಿ ನೀವೇ ಸೂತ್ರಧಾರರಾಗಬಹುದು. ಒಂದು ದಾಳ, ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ನಿಯಮಗಳನ್ನು ಆಟಕ್ಕೆ ಮೊದಲೇ ಎಲ್ಲರೂ ಸೇರಿ ಒಪ್ಪಿಕೊಳ್ಳಿ. ನಡುವೆ ಬದಲಿಸಬೇಕೆನಿಸಿದರೆ ಎಲ್ಲರನ್ನೂ ಕೇಳಿ, ಎಲ್ಲರಿಗೂ ಒಂದೇ ಸಮನಾಗಿ ಬದಲಿಸಿ. ಹಾಗೆಯೇ, ಮೊಮ್ಮಕ್ಕಳ ಕಣ್ಣಿಗೆ ಬೀಳುವ ಮೊದಲ ಪೆಟ್ಟಿಗೆಯಲ್ಲಿ ತಾಮ್ರದ ನಾಣ್ಯಗಳನ್ನೇ ಇಡಿ. ಅದನ್ನು ಹೊತ್ತು ತರುವ ಉಪಾಯವನ್ನು ಅವರೇ ಹುಡುಕಲಿ.