ಉಯ್ಯಾಲೆ, ಕೈವಾರ ಮತ್ತು ಎತ್ತರಿಸಿದ ಜೀಪು

ಬಿಗಿದ ಹಗ್ಗದ ಉಯ್ಯಾಲೆ ನೆಟ್ಟಗೆ ಮೇಲಕ್ಕೆ ಹೋಗಲಾರದು. ಏರಬೇಕಾದರೆ ಮುಂದಕ್ಕೋ ಹಿಂದಕ್ಕೋ ಸರಿಯಲೇಬೇಕು. ಜೀಪಿಗೆ ಲಿಫ್ಟ್ ಕಿಟ್ ಹಾಕಿಸುವವರು ಇದೊಂದನ್ನು ನೆನಪಿಟ್ಟುಕೊಂಡರೆ, ಆಮೇಲೆ ವೀಲ್ ಅಲೈನ್‌ಮೆಂಟ್ ಯಾಕೆ ನೋಡಬೇಕು ಎಂಬುದು ಅರ್ಧ ಅರ್ಥವಾದಂತೆ.

ಕೊಡಚಾದ್ರಿ, ಮಾಂದಲಪಟ್ಟಿಯಂಥ ಕಲ್ಲುಹಾದಿಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜಬಾರದೆಂದು ಸ್ಪ್ರಿಂಗಿನ ಮೇಲೆ ಸ್ಪೇಸರ್ ಇಟ್ಟೋ, ಉದ್ದದ ಸ್ಪ್ರಿಂಗ್ ಹಾಕಿಯೋ ಎರಡು ಇಂಚು ಎತ್ತುತ್ತಾರೆ. ಏರಿದ್ದು ಚಾಸಿ ಮಾತ್ರ. ಚಕ್ರ ನೆಲದ ಮೇಲೇ ಇದೆ. ಇವೆರಡನ್ನೂ ಕೂಡಿಸುವ ತೋಳುಗಳ ಉದ್ದವೂ ಮೊದಲಿನಷ್ಟೇ. ಹಾಗಾಗಿ ಒಂದೊಂದು ತೋಳೂ ಕೈವಾರದ ಹಾಗೆ ತನ್ನ ಕಮಾನಿನ ಮೇಲೆ ತಿರುಗಿ ಹೊಸ ಜಾಗದಲ್ಲಿ ನಿಲ್ಲುತ್ತದೆ.

2020ರಲ್ಲಿ ಬಂದ ಮಹೀಂದ್ರ ಥಾರ್ ನೋಡಿ. ಮುಂದಿನ ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ತೋಳು. ಇಂಥ ಜೋಡಣೆಯಲ್ಲಿ ಸಾಮಾನ್ಯವಾಗಿ ಮೇಲಿನದು ಗಿಡ್ಡ, ಕೆಳಗಿನದು ಉದ್ದ. ಎರಡರ ಕಮಾನೂ ಬೇರೆ ಬೇರೆಯಾದ್ದರಿಂದ ಚಾಸಿ ಏರಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುತ್ತದೆ. ಇದು ಕ್ಯಾಂಬರ್. ವಾಲು ಹೆಚ್ಚಾದರೆ ಟೈರಿನ ಒಂದೇ ಅಂಚು ಸವೆಯುತ್ತದೆ.

ಚಕ್ರವನ್ನು ತಿರುಗಿಸುವ ಟೈ ರಾಡ್‌ಗೂ ತನ್ನದೇ ಕಮಾನಿದೆ. ಅದು ತೋಳುಗಳ ಕಮಾನಿಗೆ ಹೊಂದದಿದ್ದರೆ ಎರಡು ಚಕ್ರಗಳ ಮೂತಿಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಇಲ್ಲವೇ ದೂರವಾಗುತ್ತವೆ. ಇದು ಟೋ. ಚಕ್ರವೊಂದು ತಾನು ಹೋಗಬೇಕಾದ ದಾರಿಯಿಂದ ಬರೀ ಅರ್ಧ ಡಿಗ್ರಿ ತಿರುಗಿದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ, ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಆ ಟೈರು ಒಟ್ಟು ಸುಮಾರು 9 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ಕಣ್ಣಿಗೆ ಕಾಣದ ಕೋನ ದುಬಾರಿ ಟೈರನ್ನು ತಿಂದುಹಾಕುವುದು ಹೀಗೆ.

ನನ್ನ ಮಟ್ಟಿಗೆ ಇವೆರಡಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ಮೂರನೆಯದಾದ ಕ್ಯಾಸ್ಟರ್. ಅದು ಕೆಟ್ಟರೆ ಟೈರು ಅಷ್ಟಾಗಿ ದೂರು ಹೇಳುವುದಿಲ್ಲ, ಆದರೆ ಹೆದ್ದಾರಿಯಲ್ಲಿ ಗಾಡಿ ನೆಟ್ಟಗೆ ನಿಲ್ಲುವುದಿಲ್ಲ. ಆಫೀಸು ಕುರ್ಚಿಯನ್ನು ತಳ್ಳಿದಾಗ ಅದರ ಪುಟ್ಟ ಚಕ್ರ ತಿರುಗಿ, ತನ್ನ ಕೀಲಿನ ಹಿಂದೆ ಹಿಂದೆ ಬರುತ್ತದಲ್ಲ, ಗಾಡಿಯ ಮುಂದಿನ ಚಕ್ರವೂ ಹಾಗೆಯೇ. ಅದು ತಿರುಗುವ ಅಕ್ಷದ ತಲೆ ತುಸು ಹಿಂದಕ್ಕೆ ಒರಗಿದ್ದರೆ ತಿರುವಿನ ನಂತರ ಸ್ಟೀರಿಂಗ್ ತಾನೇ ನೇರಕ್ಕೆ ಮರಳುತ್ತದೆ. ಈ ಒರಗಿನ ಕೋನವೇ ಕ್ಯಾಸ್ಟರ್.

ಸುಜುಕಿ ಜಿಮ್ನಿಯಲ್ಲಿ ಎರಡೂ ಚಕ್ರಗಳನ್ನು ಹೊತ್ತ ಮುಂದಿನ ಆಕ್ಸಲ್ ಒಂದೇ ದೂಲದಂತಿದೆ. ಅಲ್ಲಿ ಲಿಫ್ಟ್‌ನಿಂದ ಕ್ಯಾಂಬರ್ ಕೆಡುವುದಿಲ್ಲ, ಕೆಡುವುದು ಕ್ಯಾಸ್ಟರ್. ಆಕ್ಸಲ್ಲಿಗೆ ಬಿಗಿದ ತೋಳುಗಳ ಹಿಂದಿನ ತುದಿ ಚಾಸಿಯಲ್ಲಿದೆ. ಚಾಸಿ ಏರಿದಾಗ ಆ ತುದಿಯೂ ಏರಿ, ಇಡೀ ಆಕ್ಸಲ್ ಮುಂದಕ್ಕೆ ಮಗುಚುತ್ತದೆ. ತೋಳು ಒಂದು ಮೀಟರ್ ಉದ್ದವಿದ್ದು ಲಿಫ್ಟ್ 5 ಸೆಂಟಿಮೀಟರ್ ಆದರೆ ಹೆಚ್ಚುಕಡಿಮೆ 3 ಡಿಗ್ರಿ ಕ್ಯಾಸ್ಟರ್ ಹೋಯಿತು. ಕಂಪನಿ ಕೊಟ್ಟದ್ದೇ ಕೆಲವು ಡಿಗ್ರಿ! ಇದನ್ನು ಸರಿಪಡಿಸಲು ತೋಳಿನ ಕೀಲಿಗೆ ಹಾಕುವ, ರಂಧ್ರ ನಡುವಿನಲ್ಲಿಲ್ಲದ ವಿಶೇಷ ಬುಷ್‌ಗಳು ಸಿಗುತ್ತವೆ. ಹಳೆಯ ಲೀಫ್ ಸ್ಪ್ರಿಂಗ್ ಜೀಪುಗಳಲ್ಲಾದರೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಲೋಹದ ಬೆಣೆ ಇಡುತ್ತಾರೆ. ಅಂದಹಾಗೆ, ಇಂಥ ದೂಲದ ಆಕ್ಸಲ್ಲಿನಲ್ಲಿ ನೆಲಕ್ಕೂ ಡಿಫರೆನ್ಷಿಯಲ್‌ಗೂ ನಡುವಿನ ಅಂತರವನ್ನು ಲಿಫ್ಟ್ ಕಿಟ್ ಹೆಚ್ಚಿಸುವುದೇ ಇಲ್ಲ. ಅದಕ್ಕೆ ದೊಡ್ಡ ಟೈರೇ ಬೇಕು.

ಕ್ಯಾಂಬರನ್ನು ಗೇಜ್ ಇಟ್ಟು ಓದಬಹುದು, ಕ್ಯಾಸ್ಟರನ್ನು ಹಾಗೆ ಓದಲಾಗದು. ಅದರ ಅಕ್ಷ ಕಣ್ಣಿಗೆ ಕಾಣುವ ವಸ್ತುವಲ್ಲ. ಇದಕ್ಕೊಂದು ಸೊಗಸಾದ ಉಪಾಯವಿದೆ. ತಿರುಗುವ ತಟ್ಟೆಗಳ ಮೇಲೆ ಚಕ್ರ ನಿಲ್ಲಿಸಿ, 20 ಡಿಗ್ರಿ ಎಡಕ್ಕೆ, ಆಮೇಲೆ 20 ಡಿಗ್ರಿ ಬಲಕ್ಕೆ ತಿರುಗಿಸಿ, ಎರಡು ಕಡೆಯೂ ಕ್ಯಾಂಬರ್ ಓದಿಕೊಳ್ಳುತ್ತಾರೆ. ಆ ಎರಡರ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಕ್ಯಾಸ್ಟರ್ ಸಿಗುತ್ತದೆ.

ಅಳೆಯುವ ಮೊದಲು ಮಾಡಬೇಕಾದ ಕೆಲಸವೊಂದನ್ನು ಅವಸರದಲ್ಲಿ ಬಿಟ್ಟುಬಿಡುವುದುಂಟು. ತೋಳುಗಳ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಗಾಡಿ ಜ್ಯಾಕಿನ ಮೇಲಿರುವಾಗ ಕೊನೆಯ ಬಿಗಿ ಬಿಗಿಯಬಾರದು. ಚಕ್ರ ನೆಲಕ್ಕಿಳಿದು, ಗಾಡಿಯ ಭಾರ ಅದರ ಮೇಲೆ ಕೂತ ನಂತರವೇ ಬಿಗಿಯಬೇಕು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳಲ್ಲಿ ಆಟ ಇದೆಯೇ, ಟೈರಿನ ಗಾಳಿ ಸರಿಯಿದೆಯೇ ಎಂದೂ ಆಗಲೇ ನೋಡಿಬಿಡಬೇಕು. ಸಡಿಲ ಕೀಲಿನ ಅಳತೆಗೆ ಅರ್ಥವಿಲ್ಲ. ಹೊಂದಿಸುವಾಗ ಕ್ಯಾಸ್ಟರ್, ಕ್ಯಾಂಬರ್ ಮೊದಲು, ಟೋ ಕಡೆಗೆ. ಮೊದಲಿನೆರಡನ್ನು ಮುಟ್ಟಿದರೆ ಟೋ ಮತ್ತೆ ಬದಲಾಗುತ್ತದೆ.

ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ತುಸು ಕೂರುತ್ತದೆ, ಆಗ ಇನ್ನೊಮ್ಮೆ ಅಳೆಸಬೇಕು. ಅಲ್ಲಿಯವರೆಗೆ ಆಗಾಗ ಟೈರಿನ ಮೇಲೆ ಅಂಗೈ ಅಡ್ಡಕ್ಕೆ ಸವರಿ ನೋಡಿ. ಒಂದು ದಿಕ್ಕಿಗೆ ನಯವಾಗಿದ್ದು, ಇನ್ನೊಂದು ದಿಕ್ಕಿಗೆ ಗರಗಸದಂತೆ ತರಚಿದರೆ ಟೋ ಇನ್ನೂ ಸರಿಯಾಗಿಲ್ಲ.